ಮಾಸ್ತರ ನಂಬರು

ಬರೀಲಾರದ ಬಾಳ ದಿನ ಆತು. ಮಗಳ ಬಾಣಂತನದಾಗ ಮೂರು ತಿಂಗಳು ಹೆಂಗ ಹೋದ್ವೋ ತಿಳೀಲಿಲ್ಲ. ಮೊನ್ನೆ ನೆಗೆಣ್ಣಿ ಮಗಳು ಫೋನ್ ಮಾಡಿ, "ದೊಡ್ಡವ್ವಾ, ಬಸ್ ಬಂದ್ ಇತ್ತಲ್ಲ, ನೀ ಒಬ್ಬಾಕೆ ಮೈಸೂರಿಗೆ ಹೆಂಗ ಹೋದಿ?" ಅಂತ ಕೇಳಿದ್ಲು. ಅದು ಫೋನಿನ್ಯಾಗ ಹೇಳಿದ್ರ ಮುಗಿಯಾ ಕತಿ ಅಲ್ಲ. ಇಲ್ಲೇ ಬರದುಬಿಡ್ತೀನಿ. ಇದ್ರಾಗ ನಿಮಗೂ ಉಪಯೋಗ ಆಗೋ ಮಾತು ಒಂದು ಐತಿ.

2025ರ ಆಗಸ್ಟ್ 4, ಶ್ರಾವಣ ಸೋಮವಾರ. ಅಂಟಿನುಂಡಿ ಕಟ್ಟಾಕಂತ ಮುಂಜಾನೆನ ಬೆಲ್ಲದ ಪಾಕಕ್ಕ ಇಟ್ಟಿದ್ದೆ. ಒಣಕೊಬ್ಬರಿ ತುರದಿಟ್ಟಿದ್ದೆ, ಉತ್ತತ್ತಿ ಕುಟ್ಟಿ ಇಟ್ಟಿದ್ದೆ, ಅಂಟು ತುಪ್ಪದಾಗ ಕರದು ಆಗಿತ್ತು. ಮಗಳಿಗೆ ದಿನ ಇನ್ನೂ ಇದ್ವು. ಡಾಕ್ಟರು 20ನೇ ತಾರೀಖಿನ ಆಜುಬಾಜು ಅಂದಿದ್ರು. ಮೊದಲನೇದು ಇಲ್ಲೇ ನಮ್ಮನ್ಯಾಗ ಆತು, ಎರಡನೇದು ಅಲ್ಲೇ ಆಗ್ಲಿ, ದೊಡ್ಡ ಹುಡುಗನ ಸಾಲಿ ತಪ್ಪತೈತಿ ಅಂತ ಮಾತಾಡಿದ್ವಿ. ಶುಕ್ರವಾರ ವರಮಹಾಲಕ್ಷ್ಮಿ ಮುಗಿಸಿ, ಶನಿವಾರ ಬಸ್ಸಿಗೆ ಹೊಂಡಾದು ನನ್ನ ಲೆಕ್ಕ. ಕಡಕ್ ರೊಟ್ಟಿ ಅರವತ್ತು ಬಡದು ಡಬ್ಬಿಗೆ ಹಾಕಿದ್ದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಪಂಚಮಿ ಉಂಡಿ ಉಳದಿದ್ದು ಒಂದಿಷ್ಟು, ಹಳೇ ಸೀರಿ ಹೊಂದಿಸಿ ಹೊಲದ ಸಣ್ಣ ಕೌದಿ ಎರಡು. ಚೀಲ ಅರ್ಧ ತುಂಬಿತ್ತು.

ಪಾಕ ಎಳಿ ಬರೋ ಹೊತ್ತಿಗೆ ಸರಿಯಾಗಿ ಫೋನ್ ಬಂತು. ಮಗಳು. "ಯವ್ವಾ, ಗಾಬರಿ ಆಗಬ್ಯಾಡ. ಕಾಲು ಬಾತಾವು, ಬಿಪಿ ಏರೈತಂತ. ಗುರುವಾರ ಆಪರೇಷನ್ ಮಾಡಿ ಕೂಸು ತಗೀತೀವಿ ಅಂದಾರ. ನೀ ಬುಧವಾರ ರಾತ್ರಿ ಒಳಗ ಬರಾಕಾಗತೈತೇನು?"

ಪಾಕ ಹೊತ್ತಿಹೋತು. ಹೋಗ್ಲಿ ಬಿಡ್ರಿ.

ಬರ್ತೀನಿ ಅಂದೆ. ಆದ್ರ ಹೆಂಗ? ಮರುದಿನ ಮಂಗಳವಾರ ಮುಂಜಾನೆ ಆರರಿಂದ ರಾಜ್ಯದ ತುಂಬ ಸಾರಿಗಿ ನೌಕರರ ಮುಷ್ಕರ. ಟೀವ್ಯಾಗ ಅದ ಸುದ್ದಿ. ಸೋಮವಾರನ ಹೊಂಟುಬಿಡು ಅಂದ್ರು ಕೆಲವರು. ರಾತ್ರಿ ಬಸ್ಸಿನ್ಯಾಗ ಇದ್ದಾಗ ಬೆಳಗಾಗಿ ಆರು ಬಡೀತಂದ್ರ ಎಲ್ಲಿ ಐತೋ ಅಲ್ಲೇ ಇಳಿಸಿಬಿಟ್ರ ಏನ್ ಮಾಡ್ತಿ ಅಂದ್ರು ಇನ್ನ ಕೆಲವರು. ಮಣಕಾಲು ನೋವಿನಾಕಿ ನಾನು, ಎರಡು ಚೀಲ ಕಟ್ಕಂಡು ಯಾವ್ದೋ ಗೊತ್ತಿಲ್ಲದ ಊರಾಗ ನಿಂತ್ರ? ನನಗೂ ಧೈರ್ಯ ಆಗ್ಲಿಲ್ಲ.

ನಮ್ಮೂರಿಗೆ ರೈಲಿಲ್ಲ, ಗೊತ್ತೈತಲ್ಲ. ಆದ್ರ ಹೊಸಪೇಟಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಐತಿ, ಹುಬ್ಬಳ್ಳಿಂದ ಬಂದು ಬಳ್ಳಾರಿ, ಗುಂತಕಲ್ಲು, ಬೆಂಗಳೂರು ಮ್ಯಾಲ ಹಾಸಿ ಸೀದಾ ಮೈಸೂರಿಗೆ. ಹೊಸಪೇಟಿ ತನಕ ಯಾವ್ದಾರ ಖಾಸಗಿ ಗಾಡಿ ಹಿಡದ್ರಾತು. ಮಂಗಳವಾರ ರಾತ್ರಿ ರೈಲಿಗೆ ಸೋಮವಾರ ಹನ್ನೊಂದಕ್ಕ ಸ್ಲೀಪರಿನ ತತ್ಕಾಲ್ ತೆರೀತೈತಿ. ಬಾಜೂ ಮನಿ ಹುಡುಗ ಹೋದ ವರ್ಷ ನನ್ನ ಹೆಸರಿಗೆ ಒಂದು ಖಾತೆ ಮಾಡಿಕೊಟ್ಟಿದ್ದ. ಅವನ್ನ ಕರದೆ.

ಅವ ಬಂದವನ ಫೋನ್ ನೋಡಿ, "ದೊಡ್ಡಮ್ಮ, ಈಗ ಹಂಗ ಸಿಗಂಗಿಲ್ರಿ" ಅಂದ. ದಲ್ಲಾಳಿಗಳು ಯಂತ್ರ ಹಚ್ಚಿ ಎರಡು ನಿಮಿಷದಾಗ ಟಿಕೇಟು ಎಲ್ಲಾ ಬಾಚ್ಕಂತಾರಂತ. ಅದಕ್ಕ 2025ರ ಜುಲೈ 1ರಿಂದ ಆಧಾರ್ ಜೋಡಿಸಿದ ಖಾತೆಗಷ್ಟ ಆನ್‌ಲೈನ್ ತತ್ಕಾಲ್. ಜುಲೈ 15ರಿಂದ ಆಧಾರಿನ ಒಟಿಪಿನೂ ಬೇಕು. ಒಳ್ಳೇ ಕೆಲಸನ. ನಮ್ಮಂಥವ್ರಿಗೆ ಟಿಕೇಟು ಸಿಗ್ಲಿ ಅಂತನ ಮಾಡಿದ್ದು. ಅಳಿಯಂದ್ರ ಖಾತೆಯಿಂದ ತಗಸೋಣಂದ್ರ ಅವರ ಹೆಸರಿನ ಸ್ಪೆಲ್ಲಿಂಗು ಅಲ್ಲೊಂದು, ಆಧಾರಿನ್ಯಾಗ ಒಂದು, ಜೋಡಣಿ ಆಗಿದ್ದಿಲ್ಲ. ಸರಿ, ನಂದ ಜೋಡಿಸು ಅಂದು ಕಾರ್ಡು ತಂದು ಕೊಟ್ಟೆ.

ಹನ್ನೆರಡು ಅಂಕಿ ಹಾಕಿದ. "ಒಟಿಪಿ ಹೋಗೈತಿ, ಹೇಳ್ರಿ" ಅಂದ. ನನ್ನ ಫೋನು ಸುಮ್ಮನ ಐತಿ. ಎರಡು ನಿಮಿಷ, ಐದು ನಿಮಿಷ. ಮತ್ತೊಮ್ಮೆ ಕಳಿಸಿದ. ಬರವಲ್ದು. ಫೋನ್ ಆಫ್ ಮಾಡಿ ಆನ್ ಮಾಡು ಅಂದ. ಅಟ್ಟದ ಮ್ಯಾಲ ಹತ್ತಿ ನಿಲ್ರಿ, ಅಲ್ಲಿ ಟವರ್ ಸಿಗತೈತಿ ಅಂದ. ಈ ಮಣಕಾಲು ಹೊತ್ಗಂಡು ಅಟ್ಟನೂ ಹತ್ತಿದೆ. ಆಮ್ಯಾಲ ಅವನ ತಲಿಗೆ ಹೊಳೀತು. "ದೊಡ್ಡಮ್ಮ, ಆಧಾರಿಗೆ ಯಾವ ನಂಬರ್ ಕೊಟ್ಟೀರಿ?"

ನನಗೇನು ಗೊತ್ತು? ಅವನ ಆಧಾರಿನ ವೆಬ್‌ಸೈಟಿಗೆ ಹೋಗಿ ಕಾರ್ಡು ಚಾಲ್ತಿ ಐತೋ ಇಲ್ಲೋ ನೋಡೋ ಜಾಗ ತಗದ. ಅಲ್ಲಿ ನಮ್ಮ ವಯಸ್ಸಿನ ಅಂದಾಜು, ಹೆಣ್ಣೋ ಗಂಡೋ, ಯಾವ ರಾಜ್ಯ, ಜತಿಗೆ ಜೋಡಿಸಿದ ಫೋನ್ ನಂಬರಿನ ಕಡೀ ಮೂರು ಅಂಕಿ ತೋರಸ್ತಾರ. ಮೂರು ಅಂಕಿ ಓದಿ ಹೇಳಿದ.

ನಾ ಅಲ್ಲೇ ಮೆಟ್ಟಲ ಮ್ಯಾಲ ಕುಂತೆ. ಅದು ನಮ್ಮ ಮಾಸ್ತರ ನಂಬರು.

ನಮ್ಮನಿಯವ್ರು ತೀರಿ ಆಗ ಎರಡೂವರಿ ವರ್ಷ ಆಗಿತ್ತು. ಆಧಾರ್ ಮಾಡಿಸೋ ಕಾಲಕ್ಕ ಮನಿಗೆ ಇದ್ದದ್ದ ಒಂದು ಫೋನು. ಸಾಲ್ಯಾಗ ಕ್ಯಾಂಪ್ ಹಾಕಿದ್ರು. ಅವರು ಅತ್ತಿಯವ್ರದ್ದು, ನಂದು, ಹುಡುಗ್ರದ್ದು ಎಲ್ಲಾದಕ್ಕೂ ತಮ್ಮದ ನಂಬರ್ ಬರಸಿದ್ರು. ಹಂಗ ಬರಸಿದ್ದು ತಪ್ಪಲ್ಲ, ಆಗ ಎಲ್ಲಾರ ಮನ್ಯಾಗೂ ಹಂಗ. ಹುಡುಗ್ರು ದೊಡ್ಡಾರಾಗಿ ಕಾಲೇಜಿಗೆ ಹೋದಾಗ ತಮ್ಮವು ತಾವು ಬದಲಿ ಮಾಡಿಸಿಕೊಂಡ್ರು. ನಂದು ಅಲ್ಲೇ ಉಳೀತು.

ಅವರು ಹೋದ ಮ್ಯಾಲ ಒಂದೂವರಿ ವರ್ಷ ಆ ನಂಬರಿಗೆ ರೊಕ್ಕ ಹಾಕಸ್ತಿದ್ದೆ. ಯಾಕಂತ ಕೇಳಬ್ಯಾಡ್ರಿ. ಫೋನು ಅಲಮಾರ್ಯಾಗ ಅವರ ಕನ್ನಡಕದ ಜತಿಗೆ ಇರತಿತ್ತು, ವಾರಕ್ಕೊಮ್ಮೆ ಚಾರ್ಜಿಗೆ ಹಾಕ್ತಿದ್ದೆ. 2024ರಾಗ ಖಾಸಗಿ ಕಂಪನಿಯವ್ರು ದರ ಏರಿಸಿದ್ರಲ್ಲ, ಆವಾಗ ಅನಸ್ತು, ಯಾರ ಮಾತಾಡ್ತಾರಂತ ಈ ರೊಕ್ಕ? ಬಿಟ್ಟುಬಿಟ್ಟೆ. ಸಿಮ್ಮು 90 ದಿನ ಬಳಸದಿದ್ರ ಬಂದ್ ಮಾಡಬಹುದಂತ. ಆಮ್ಯಾಲ ಇನ್ನೂ 90 ದಿನ ಬಿಟ್ಟು ಆ ನಂಬರು ಬ್ಯಾರೇರಿಗೆ ಕೊಡಬಹುದಂತ. ನಡುವ ಒಂದು ಸಲ ಹಚ್ಚಿದ್ದೆ, ಈ ನಂಬರು ಚಾಲ್ತಿಯಲ್ಲಿಲ್ಲ ಅಂತ ಬಂತು. ಮತ್ತ ಹಚ್ಚಲಿಲ್ಲ.

"ಒಮ್ಮೆ ಹಚ್ಚಿ ನೋಡ್ರಿ ದೊಡ್ಡಮ್ಮ, ಯಾರಾರ ತಗಂಡಿದ್ರ ಕೇಳೋಣು" ಅಂದ ಹುಡುಗ. ಹನ್ನೊಂದಕ್ಕ ಹತ್ತು ನಿಮಿಷ ಇತ್ತು. ಹಚ್ಚಿದೆ. ರಿಂಗ್ ಆತು. ನನ್ನ ಎದಿ ಹೊಡಕಳಾದು ನನಗ ಕೇಳತಿತ್ತು.

"ಯಾರ್ರೀ?" ಸಣ್ಣ ವಯಸ್ಸಿನ ಹೆಣಮಗಳ ದನಿ. ಹಿಂದ ಕುಕ್ಕರ್ ಸೀಟಿ.

ಹೆಂಗ ಸುರು ಮಾಡಾದು? "ಯವ್ವಾ ತಂಗಿ, ನಿನ್ನ ಫೋನಿಗೆ ಈಗ ಆರಂಕಿ ಒಂದು ನಂಬರ್ ಬಂದೈತೇನವ್ವಾ?" ಅಂದೆ.

"ಬಂದೈತ್ರಿ. ನಾ ಹೇಳಂಗಿಲ್ರಿ. ಒಟಿಪಿ ಯಾರಿಗೂ ಹೇಳಬಾರ್ದು ಅಂತ ಟೀವ್ಯಾಗ ದಿನಾ ಹೇಳ್ತಾರ" ಅಂದ್ಲು, ಖಡಕ್ಕಾಗಿ.

ಏನ್ ಅಂತೀರಿ ಇದಕ್ಕ! ನಾನೂ ಕಟ್ಟಿ ಮ್ಯಾಲ ಕುಂತು ಎಲ್ಲಾರಿಗೂ ಅದನ್ನ ಹೇಳಾಕಿ. ಯಾರಾರ ಹಿಂಗ ನನಗ ಕೇಳಿದ್ರ ನಾನೂ ಬೈದು ಇಡ್ತಿದ್ದೆ. "ನೀ ಹೇಳಿದ್ದ ಖರೇ ಐತಿ ತಂಗಿ, ಹೇಳಬ್ಯಾಡ" ಅಂದೆ. ಇಡಬೇಕು ಅನ್ನೋದ್ರಾಗ ಅಕಿನ ಕೇಳಿದ್ಲು, "ಇದು ಮದ್ಲು ನಿಮ್ಮ ನಂಬರೇನ್ರಿ?"

"ನಮ್ಮನಿಯವ್ರದು. ಅವರು ಇಲ್ಲವ್ವ ಈಗ."

ಸ್ವಲ್ಪ ಹೊತ್ತು ಸುಮ್ಮನಾದ್ಲು. ಆಮ್ಯಾಲ ಅಂದ್ಲು, "ಅವರು ಮಾಸ್ತರೇನ್ರಿ? ನಾ ಈ ಸಿಮ್ ತಗಂಡ ಹೊಸದ್ರಾಗ ಬಾಳ ಮಂದಿ ಹಚ್ಚತಿದ್ರು. ಮಾಸ್ತರು ಅದಾರೇನ್ರಿ, ನನಗ ನೌಕ್ರಿ ಸಿಕ್ಕೈತಿ ಅಂತ ಹೇಳಬೇಕಿತ್ತು ಅಂತ ಒಬ್ರು ಅಂದ್ರು. ರಾಂಗ್ ನಂಬರ್ ಅಂತ ಹೇಳಿ ಹೇಳಿ ನನಗ ಸಾಕಾಗಿತ್ತು."

ನನಗ ಮಾತು ಬರಲಿಲ್ಲ. ಹುಡುಗ ಗಡಿಯಾರ ನೋಡಾಕಹತ್ತಿದ್ದ. ಹನ್ನೊಂದು ಆಗಿ ಹೋತು. ಅಕಿ ಬಿಡಲಿಲ್ಲ, ಎಲ್ಲಿಗೆ ಹೊಂಟೀರಿ, ಯಾಕ ಅಷ್ಟು ಅವಸರ ಅಂತ ಕೇಳಿದ್ಲು. ಮಗಳ ವಿಚಾರ ಹೇಳಿದೆ. ತನಗೂ ಆರು ತಿಂಗಳ ಕೂಸು ಐತಿ ಅಂದ್ಲು. "ಒಳ್ಳೇದಾಗತೈತ್ರಿ, ಚಿಂತಿ ಮಾಡಬ್ಯಾಡ್ರಿ" ಅಂತ ಹೇಳಿ ಇಟ್ಲು. ಒಟಿಪಿ ಮಾತ್ರ ಹೇಳಲಿಲ್ಲ. ಶಾಣ್ಯಾಕಿ.

ಅವತ್ತು ಸಂಜಿಗೆ ಮತ್ತ ಬೆಲ್ಲ ತರಾಕ ಕಿರಾಣಿ ಅಂಗಡಿಗೆ ಹೋದೆ. ಹೊತ್ತಿಹೋಗಿತ್ತಲ್ಲ ಪಾಕ. ಅಲ್ಲಿ ಹಿರಿಯರೊಬ್ರು, "ನಿಮಗ ಪುಕ್ಕಟಿ ಟಿಕೇಟು ಕೊಟ್ಟು ಕೊಟ್ಟು ಡ್ರೈವರು ಕಂಡಕ್ಟರಿಗೆ ಪಗಾರ ಕೊಡಾಕ ರೊಕ್ಕ ಇಲ್ಲದಂಗ ಆಗೈತಿ. ಅನುಭವಸ್ರಿ ಈಗ" ಅಂದ್ರು. ದಿನಾ ಆಗಿದ್ರ ಸುಮ್ಮನ ಬರತಿದ್ದೆ. ಅವತ್ತು ತಲಿ ಕೆಟ್ಟಿತ್ತು.

"ಕಾಕಾರ, ಅವರು ಕೇಳಾದು 38 ತಿಂಗಳ ಹಿಂಬಾಕಿ. 2020ರ ಜನವರಿಂದ 2023ರ ಫೆಬ್ರವರಿ ತನಕದ್ದು. ಶಕ್ತಿ ಯೋಜನೆ ಸುರು ಆಗಿದ್ದು 2023ರ ಜೂನ್ 11ಕ್ಕ. ನಾವು ಬಸ್ಸು ಹತ್ತೋಕಿಂತ ಮದ್ಲ ನಿಂತ ಬಾಕಿಗೆ ನಮ್ಮನ್ನ್ಯಾಕ ಬೈತೀರಿ?" ಅಂದೆ. ಬೆಳ್ಳು ಎಣಿಸಿ ತೋರಿಸಿದೆ. ಅಂಗಡಿಯವ ನಕ್ಕ. ಕಾಕಾರು ಬೆಲ್ಲದ ರೇಟಿನ ಮಾತು ತಗದ್ರು.

ನೌಕರರ ಕಷ್ಟ ಸುಳ್ಳಲ್ಲ ಮತ್ತ. 2021ರ ಏಪ್ರಿಲಿನ್ಯಾಗನೂ ಅವರು ಬಸ್ಸು ನಿಲ್ಲಿಸಿದ್ರು. ನಮ್ಮ ಪುಕ್ಕಟಿ ಟಿಕೇಟಿನ ರೊಕ್ಕ ಸರ್ಕಾರ ನಿಗಮಕ್ಕ ಹೊತ್ತಿಗೆ ಸರಿಯಾಗಿ ತುಂಬಿಕೊಡಬೇಕು, ತಡಾ ಆದ್ರ ಅವರ ಮ್ಯಾಲ ಬೀಳತೈತಿ. ಆದ್ರ ಈ ಟಿಕೇಟು ಏನು ಕೊಟ್ಟೈತಿ ಅನ್ನಾದು ನಮಗ ಗೊತ್ತು. ಹರಪನಹಳ್ಳಿ ತವರುಮನಿಗೆ ಹೋಗಬೇಕಂದ್ರ ಮದ್ಲು ಮಾಸ್ತರ ಮುಂದ ನಿಂತು ರೊಕ್ಕ ಕೇಳಬೇಕಿತ್ತು. ಅವರು ಒಂದಿನಾನೂ ಇಲ್ಲ ಅಂದವ್ರಲ್ಲ. ಆದ್ರ ಕೇಳಾದು ಕೇಳಾದ ಅಲ್ಲೇನ್ರಿ? 2025ರ ಜುಲೈ 14ಕ್ಕ 500 ಕೋಟಿ ಟಿಕೇಟು ಆದ್ವು ಅಂತ ಹಬ್ಬ ಮಾಡಿದ್ರಲ್ಲ, ಅದ್ರಾಗ ನನ್ನವೂ ಒಂದಿಷ್ಟು ಅದಾವು, ಯಾರನ್ನೂ ಕೇಳದ ಹತ್ತಿದ್ದು.

ಬಸ್ಸಿನ್ಯಾಗ ಕಾರ್ಡು ತೋರಿಸಿದ್ರ ಸಾಕು. ರೈಲಿಗೆ ಕಾರ್ಡಿನ ಹಿಂದಿರೋ ನಂಬರು ಬೇಕು. ಅವತ್ತ ನನಗ ತಿಳದದ್ದು, ಕಾರ್ಡು ನಂದು, ಹೆಸರು ನಂದು, ಫೋಟೋ ನಂದು, ಬಾಗಿಲ ಕೀಲಿ ಮಾತ್ರ ಬ್ಯಾರೇರ ಕೈಯಾಗ.

ರಾತ್ರಿ ಕಟ್ಟಿ ಮ್ಯಾಲ ಬಾಜೂ ಮನಿಯವ್ರೆಲ್ಲಾ ಸೇರಿದ್ರು. ಹುಡುಗನ ಕೂರಿಸಿಕೊಂಡು ಎಲ್ಲಾರ ಕಾರ್ಡೂ ನೋಡಿಸಿದ್ವಿ. ಐದು ಮಂದಿ ಇದ್ವಿ. ಒಬ್ಬಾಕಿದು ಗಂಡಂದು, ಒಬ್ಬಾಕಿದು ಬೆಂಗಳೂರಾಗಿನ ಮಗಂದು, ಇನ್ನೊಬ್ಬಾಕಿದು ಬ್ಯಾರೆ ಆಗಿ ಮಾತು ಬಿಟ್ಟಿರೋ ಮೈದುನಂದು. ನಂದು ಗೊತ್ತ ಐತಿ. ಐದರಾಗ ಒಬ್ಬಾಕಿದಷ್ಟ ಅಕಿದ ಸ್ವಂತ ನಂಬರು, ಅದೂ ಟೇಲರಿಂಗ್ ಮಾಡ್ತಾಳ, ಸಂಘದ ಸಾಲಕ್ಕಂತ ಬದಲಿ ಮಾಡಿಸಿದ್ದು. ಗೃಹಲಕ್ಷ್ಮಿ 2000 ಬಂತೋ ಇಲ್ಲೋ ತಿಳಿಯಾಕೂ ಗಂಡನ ಫೋನ್ ಇಸ್ಗಂಡು ನೋಡಬೇಕು ಅಂತ ಒಬ್ಬಾಕಿ ನಕ್ಕೊಂತ ಹೇಳಿದ್ಲು. ಮೈದುನನ ನಂಬರಿನಾಕಿ ನಗಲಿಲ್ಲ.

ಮಂಗಳವಾರ ಬೆಳಗಾತು. ಬಸ್ ಸ್ಟ್ಯಾಂಡ್ ಬಿಕೋ ಅಂತಿತ್ತು. ಮನ್ಯಾಗ ಕುಂತ್ರ ಹುಚ್ಚ ಹಿಡೀತೈತಿ ಅಂತ ಆಧಾರ್ ಕೇಂದ್ರಕ್ಕ ಹೋದೆ. ನಂಬರ್ ಬದಲಿ ಮಾಡಾಕ ಆಗ ಬ್ಯಾರೆ ಕಾಗದ ಏನೂ ಬೇಕಿದ್ದಿಲ್ಲ, ನಾವು ಖುದ್ದು ಹೋಗಬೇಕಿತ್ತು, ಬೆಳ್ಳು ಒತ್ತಬೇಕಿತ್ತು. ಆಗ 50 ರೂಪಾಯಿ ಇತ್ತು, 2025ರ ಅಕ್ಟೋಬರ್ 1ರಿಂದ 75 ಆತು.

ಬೆಳ್ಳು ಒತ್ತಿದೆ, ತಗಳವಲ್ದು. ಸೆರಗಿಗೆ ಒರಸಿ ಒತ್ತಿದೆ. ಬರವಲ್ದು. ಹತ್ತೂ ಬೆಳ್ಳು ಆದ್ವು. ಕುಂತಿದ್ದ ಹುಡುಗಿ, "ಗೆರಿನ ಇಲ್ಲಲ್ರಿ ಅಮ್ಮಾ" ಅಂದ್ಲು. ಎಲ್ಲಿರ್ತಾವು? ಮೂವತ್ತು ವರ್ಷ ರೊಟ್ಟಿ ಬಡದ ಕೈ, ಪಾತ್ರಿ ತಿಕ್ಕಿದ ಕೈ, ನಾರು ಹಿಡದು ಹೂ ಕಟ್ಟಿದ ಕೈ. ನಮ್ಮೂರ ಮಲ್ಲಿಗಿಗೆ ಜಿಐ ಗುರುತು ಸಿಕ್ಕೈತಿ, ಕಟ್ಟೋರ ಬೆಳ್ಳಿಗೆ ಗುರುತು ಅಳಿಸಿಹೋಗೈತಿ ಅಂದೆ. ಹಿಂದ ಪಾಳಿಗೆ ನಿಂತ ಹೂವಿನಾಕಿ ತನ್ನ ಕೈ ತಿರುವಿ ನೋಡ್ಕಂಡ್ಲು. ಕಡಿಗೆ ಕಣ್ಣಿಗೆ ಯಂತ್ರ ಹಿಡದು ಪಾಪಿ ತಗಂಡ್ರು. ಅದು ಒಂದ ಸಲಕ್ಕ ಆತು.

"ವಿಳಾಸದಾಗ ಬಳ್ಳಾರಿ ಜಿಲ್ಲಾ ಅಂತ ಐತ್ರಿ, ವಿಜಯನಗರ ಅಂತ ಮಾಡಸ್ತೀರೇನು?" ಅಂತ ಕೇಳಿದ್ಲು. ಅದಕ್ಕ ಬ್ಯಾರೆ ದಾಖಲಿ ಬೇಕಂತ. ನನಗ ನಗಿ ಬಂತು. ನಾವೇನು ಮನಿ ಬಿಟ್ಟು ಕದಲಿಲ್ಲ, 2021ರಾಗ ಜಿಲ್ಲಾನ ಬದಲಾತು. ನಮ್ಮ ತವರು ಹರಪನಹಳ್ಳಿದು ಇನ್ನೂ ಚೆಂದ. 1997ರಾಗ ಬಳ್ಳಾರಿಂದ ದಾವಣಗೆರಿಗೆ ಹಾಕಿದ್ರು, 371ಜೆ ಸೌಲಭ್ಯಕ್ಕಂತ ಹೋರಾಟ ಆಗಿ 2018ಕ್ಕ ಬಳ್ಳಾರಿಗೆ ವಾಪಸ್ ತಂದ್ರು, ಮೂರು ವರ್ಷಕ್ಕ ವಿಜಯನಗರ. ನಮ್ಮಜ್ಜಿದಂತೂ ಕೇಳಬ್ಯಾಡ್ರಿ. ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದಾಗ, 1953ರ ಅಕ್ಟೋಬರ್ 1ಕ್ಕ ಮೈಸೂರು ರಾಜ್ಯ, 1973ಕ್ಕ ಕರ್ನಾಟಕ. ಕುಂತಿದ್ದು ಮಾತ್ರ ಅದ ಒಲಿ ಮುಂದ. ಜಿಲ್ಲಾ ಇರ್ಲಿ ಬಿಡವ್ವ, ಆಮ್ಯಾಲ ನೋಡೋಣು, ನಂಬರ್ ಮದ್ಲು ಹಾಕು ಅಂದೆ. ನನ್ನ ನಂಬರು ನಾನ ಬಾಯಿಲೆ ಹೇಳಿದೆ, ಎರಡು ಸಲ. ಚೀಟಿ ಕೊಟ್ಲು, ಆಗಾಕ ಕೆಲವು ದಿನ ಬೇಕು ಅಂದ್ಲು.

ಅಷ್ಟೊತ್ತಿಗೆ ದೇವರು ಕಣ್ ತಗದ. ಹೈಕೋರ್ಟು ಸಿಟ್ಟಾತಂತ, ಅವತ್ತ ಮುಷ್ಕರ ನಿಂದ್ರಿಸಿದ್ರು ಅಂತ ಟೀವ್ಯಾಗ ಬಂತು. ಬುಧವಾರ ನಸುಕಿಗೆ ಬಾಜೂ ಮನಿ ಹುಡುಗ ಗಾಡಿ ಮ್ಯಾಲ ಚೀಲ ಹೇರಿಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಹರಪನಹಳ್ಳಿ ಮ್ಯಾಲ ದಾವಣಗೆರಿ, ಅಲ್ಲಿ ಇಳದು ಮೈಸೂರು ಕಡಿ ಬಸ್ಸು. ಕಂಡಕ್ಟರಿಗೆ ಕಾರ್ಡು ತೋರಿಸಿದೆ, ಸೊನ್ನಿ ರೂಪಾಯಿ ಟಿಕೇಟು ಹರದು ಕೊಟ್ಟ. "ಪಗಾರ ಆತೇನಪ್ಪಾ?" ಅಂತ ಕೇಳಿದೆ. "ಕೋರ್ಟ್‌ನ್ಯಾಗ ಐತ್ರಿ ಯವ್ವಾ" ಅಂದು ಮುಂದ ಹೋದ. ಬಸ್ಸು ತುಂಬಿ ತುಳುಕತಿತ್ತು. ಹರಪನಹಳ್ಳಿ ದಾಟುವಾಗ ತವರಿನ ಓಣಿ ಕಡಿ ಹಣಿಕಿ ನೋಡಿದೆ. ಮಣಕಾಲು ಹಿಡಕಂಡ್ವು, ರೊಟ್ಟಿ ಒಂದಿಷ್ಟು ಮುರದ್ವು, ಉಂಡಿ ಡಬ್ಬಿ ತೊಡಿ ಮ್ಯಾಲ ಇಟ್ಕಂಡು ಹಂಗ ಕುಂತೆ. ರಾತ್ರಿ ಮುಟ್ಟಿದೆ. ಮಗಳು ಬಾಗಿಲಾಗ ನಿಂತಿದ್ಲು, ಮುಖ ಎಲ್ಲಾ ಬಾತಿತ್ತು. ಏನೂ ಮಾತಾಡಲಿಲ್ಲ, ಬಂದು ಹೆಗಲ ಮ್ಯಾಲ ತಲಿ ಇಟ್ಲು.

ಗುರುವಾರ ಮಧ್ಯಾಹ್ನ ಆಪರೇಷನ್ ಕ್ವಾಣಿ ಹೊರಗ ಕುಂತಿದ್ದೆ. ಅಳಿಯಂದ್ರು ಔಷಧಿ ತರಾಕ ಹೋಗಿದ್ರು. ಫೋನ್ ಬಡೀತು. ತಗದು ನೋಡ್ತೀನಿ, ಪರದಿ ಮ್ಯಾಲ "ಮಾಸ್ತರು" ಅಂತ ಬಂದೈತಿ.

ಒಂದು ಗಳಿಗಿ ನಾ ಎಲ್ಲಿದೀನಿ ಅನ್ನಾದ ಮರತುಬಿಟ್ಟೆ. ಎತ್ತಿದೆ.

"ಅಮ್ಮಾರ, ಮುಟ್ಟಿದ್ರೇನ್ರಿ? ಮಗಳು ಹೆಂಗ ಅದಾರ?" ಅದ ಹುಡುಗಿ. ಹಿಂದ ಕೂಸು ಅಳತಿತ್ತು.

"ಮುಟ್ಟೀನವ್ವಾ. ಒಳಗ ಕರಕಂಡು ಹೋಗ್ಯಾರ" ಅಂದೆ. ಅಳು ಬಂತು, ತಡ್ಕಂಡೆ. "ಏನಾತಂತ ಹೇಳ್ರಿ ಮತ್ತ" ಅಂತ ಇಟ್ಲು. ಅರ್ಧ ತಾಸಿಗೆ ನರ್ಸು ಬಂದು ಹೆಣ್ಣು ಕೂಸು, ಇಬ್ರೂ ಆರಾಮ ಅಂದ್ಲು. ನಾ ಮದ್ಲು ದೊಡ್ಡ ಮಗಳಿಗೆ ಹಚ್ಚಿದೆ, ಆಮ್ಯಾಲ ನೆಗೆಣ್ಣಿಗೆ. ಆಮ್ಯಾಲ ಮಾಸ್ತರ ನಂಬರಿಗೆ ಹಚ್ಚಿ ಹೇಳಿದೆ. ಆ ಹುಡುಗಿಗೆ ಹೇಳಿದ್ದೋ, ಮತ್ಯಾರಿಗೆ ಹೇಳಿದ್ದೋ, ನೀವ ತಿಳ್ಕಳ್ರಿ.

ಅಕಿ ಹೆಸರು ಕೇಳಿ ಈಗ ಹೆಸರು ಬದಲಿ ಮಾಡೀನಿ. ಅಕಿ ನಂಬರು ಅಕಿ ಹೆಸರಾಗ ಇರಬೇಕಲ್ಲ. ನನ್ನ ಆಧಾರಿಗೂ ನನ್ನ ನಂಬರು ಆಗೈತಿ, ಬರೋ ವಾರ ಊರಿಗೆ ವಾಪಸ್ ಬರಾಕ ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೇಟು ನಾನ ತಗಂಡೀನಿ. ಒಟಿಪಿ ನನ್ನ ಫೋನಿಗ ಬಂತು. ಮೊಮ್ಮಗ ಪಕ್ಕಕ್ಕ ಕುಂತು ಒತ್ತಿಕೊಟ್ಟ.

ಅಕ್ಕಾರ, ತಂಗಿಗಳ್ರ, ನಿಮಗ ಹೇಳಾದು ಇಷ್ಟ. ಇವತ್ತ ನಿಮ್ಮ ಕಾರ್ಡಿನ ಕಡೀ ಮೂರು ಅಂಕಿ ನೋಡಿಸಿ. ಗಂಡ ಒಳ್ಳೇಂವ ಇರಬಹುದು, ಮಗ ಬಂಗಾರದಂಥಾಂವ ಇರಬಹುದು. ನಮ್ಮ ಮಾಸ್ತರೂ ಒಳ್ಳೇವ್ರ ಇದ್ರು. ಆದ್ರ ನಿಮ್ಮ ಹೆಸರಿನ ಕಾರ್ಡಿಗೆ ನಿಮ್ಮ ನಂಬರ ಇರ್ಲಿ. ಬೆಳ್ಳು ತಗಳದಿದ್ರ ಕಣ್ಣು ತಗಳ್ರಿ ಅಂತ ಕೇಳ್ರಿ, ವಾಪಸ್ ಬರಬ್ಯಾಡ್ರಿ.

ಕೂಸು ಎದ್ದೈತಿ. ಎಣ್ಣಿ ಹಚ್ಚಿ ನೀರು ಹಾಕಬೇಕು. ಊರಿಗೆ ಬಂದ ಮ್ಯಾಲ ಸಿಗೋಣು.